ಫೋನಿನಲ್ಲಿ ಅಪ್ಪಣೆ, ಹಾಸಿಗೆಯ ಬಳಿ ಸೊಸೆ

ಮಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಒಂದು ರಾತ್ರಿ ಕುಳಿತು ನೋಡಿ. ಅಲ್ಲಿನ ಕುರ್ಚಿಗಳಲ್ಲಿ ನಮ್ಮ ಸಮುದಾಯದ ಒಬ್ಬಳಾದರೂ ಹೆಣ್ಣುಮಗಳು ಕಾಣಸಿಗುತ್ತಾಳೆ. ಒಂದು ಕೈಯಲ್ಲಿ ಔಷಧಿಯ ಚೀಟಿ, ಇನ್ನೊಂದರಲ್ಲಿ ಮೊಬೈಲು. ಒಳಗೆ ಮಲಗಿರುವುದು ಆಕೆಯ ಅತ್ತೆ ಅಥವಾ ಮಾವ. ವೈದ್ಯರು ಹೊರಬಂದು, 'ಉಸಿರಾಟ ಕಷ್ಟವಾಗುತ್ತಿದೆ, ವೆಂಟಿಲೇಟರ್ ಹಾಕಬೇಕೇ ಬೇಡವೇ, ಬೇಗ ಹೇಳಿ' ಎನ್ನುತ್ತಾರೆ. ಕಳೆದ ಎರಡು ವರ್ಷಗಳಿಂದ ಆ ರೋಗಿಗೆ ಉಣಿಸಿದವಳು, ಮಲಮೂತ್ರ ತೆಗೆದವಳು, ಯಾವ ಮಾತ್ರೆ ಯಾವ ಹೊತ್ತಿಗೆಂದು ಬಾಯಿಪಾಠವಾಗಿ ಬಲ್ಲವಳು ಅವಳು. ಆದರೆ ಆಕೆ ವೈದ್ಯರಿಗೆ ಹೇಳುವುದು ಒಂದೇ ಮಾತು: 'ಸ್ವಲ್ಪ ತಾಳಿ ಡಾಕ್ಟ್ರೇ, ಅವರನ್ನು ಕೇಳಬೇಕು.'

'ಅವರು' ಜುಬೈಲಿನಲ್ಲಿದ್ದಾರೆ. ಅವರ ಅಣ್ಣ ದುಬೈಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ಜುಬೈಲಿನವರು ಡ್ಯೂಟಿಯಲ್ಲಿರುವುದರಿಂದ ಫೋನು ಎತ್ತುವುದಿಲ್ಲ. ದುಬೈಯವರು, 'ಹಣದ ಚಿಂತೆ ಬೇಡ, ಏನು ಬೇಕಾದರೂ ಮಾಡಲಿ' ಎನ್ನುತ್ತಾರೆ. ಬೆಂಗಳೂರಿನವರು, 'ನಾನು ಬರುವವರೆಗೆ ಯಾವುದಕ್ಕೂ ಒಪ್ಪಬೇಡಿ' ಎನ್ನುತ್ತಾರೆ. ಕೊನೆಗೆ ಏನೇ ಆದರೂ ಅದರ ಅಪವಾದ ಹೊರುವವರು ಮಾತ್ರ ಈ ಮೂವರಲ್ಲಿ ಯಾರೂ ಅಲ್ಲ. ರೋಗಿ ಬದುಕಿದರೆ ಮಕ್ಕಳು ಕಳುಹಿಸಿದ ಹಣದಿಂದ, ತೀರಿಕೊಂಡರೆ ಸೊಸೆಯ ನಿರ್ಲಕ್ಷ್ಯದಿಂದ! ಇದಲ್ಲವೇ ನಮ್ಮ ಊರುಗಳ ಅಲಿಖಿತ ತೀರ್ಪು?

ಉಳ್ಳಾಲದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಕೊಲ್ಲಿ ರಾಷ್ಟ್ರಗಳ ನಂಟಿಲ್ಲದ ಮುಸ್ಲಿಮ್ ಮೊಹಲ್ಲಾವನ್ನು ಹುಡುಕುವುದು ಕಷ್ಟ. ಅಲ್ಲಿ ದುಡಿದ ಹಣದಿಂದ ನಮ್ಮ ಹಂಚಿನ ಮನೆಗಳು ತಾರಸಿಯಾದವು, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು, ಮಸೀದಿಗಳಿಗೆ ಅಮೃತಶಿಲೆ ಬಂತು. ಇದನ್ನು ಅಲ್ಲಗಳೆಯುವಷ್ಟು ಕೃತಘ್ನರು ನಾವಲ್ಲ. ಆದರೆ ಮೊದಲ ತಲೆಮಾರಿನವರು ವಿಮಾನ ಹತ್ತಿದಾಗ ಅವರನ್ನು ಬೀಳ್ಕೊಟ್ಟ ತಂದೆ-ತಾಯಂದಿರಿಗೆ ಐವತ್ತು ತುಂಬಿರಲಿಲ್ಲ. ಈಗ ವಿಮಾನ ಹತ್ತುವವರ ತಂದೆ-ತಾಯಂದಿರಿಗೆ ಎಪ್ಪತ್ತು, ಎಂಬತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅವುಗಳ ಬೆನ್ನಿಗೆ ಬರುವ ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಕ್ಯಾನ್ಸರ್. ಒಮ್ಮೆ ಆಸ್ಪತ್ರೆಗೆ ಸೇರಿಸಿ ಗುಣಪಡಿಸಿ ಮನೆಗೆ ಕರೆತರುವ ಕಾಯಿಲೆಗಳಲ್ಲ ಇವು. ವರ್ಷಗಟ್ಟಲೆ ಮನೆಯೊಳಗೇ ಇರುವ ಕಾಯಿಲೆಗಳು. ಇಂಥ ಕಾಯಿಲೆಗೆ ಹಣದಷ್ಟೇ ಮುಖ್ಯವಾಗಿ ಬೇಕಾದುದು ದಿನದಿನವೂ ತೀರ್ಮಾನ ಕೈಗೊಳ್ಳುವ ಒಬ್ಬ ವ್ಯಕ್ತಿ. ಆ ವ್ಯಕ್ತಿ ನಮ್ಮ ಮನೆಗಳಲ್ಲಿ ಇದ್ದಾಳೆ. ಆದರೆ ಆಕೆಗೆ ನಾವು ಕೆಲಸ ಕೊಟ್ಟಿದ್ದೇವೆಯೇ ಹೊರತು ಅಧಿಕಾರ ಕೊಟ್ಟಿಲ್ಲ.

ಹಾಗಂತ ಪರರ ಮೇಲೆ ಬೆರಳು ತೋರಿಸುವುದಷ್ಟೇ ನಮ್ಮ ಉದ್ದೇಶವಲ್ಲ. ಈ ಆರೋಪಿಗಳ ಸಾಲಿನಲ್ಲಿ ನಾವೂ ನಿಂತವರೇ. ನಮ್ಮ ಉಮ್ಮನ ಎರಡೂ ಕಿಡ್ನಿಗಳು ಕೈಕೊಟ್ಟು ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆರಂಭವಾದಾಗ ನಾವು ಬೆಂಗಳೂರಿನಲ್ಲಿ ಪತ್ರಿಕೆಯೊಂದರ ಮೇಜಿನ ಮುಂದೆ ಕುಳಿತು ಇತರರ ಬರಹಗಳನ್ನು ತಿದ್ದುತ್ತಿದ್ದೆವು. ಅಣ್ಣ ಸೌದಿಯಲ್ಲಿ. ಮನೆಯಲ್ಲಿದ್ದುದು ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳು. ರಾತ್ರಿ ಇಂಟರ್‌ನೆಟ್ಟಿನಲ್ಲಿ ಕಿಡ್ನಿಯ ಬಗ್ಗೆ ಏನಾದರೊಂದು ಓದುವುದು, ಬೆಳಗ್ಗೆ ಅತ್ತಿಗೆಗೆ ಫೋನು ಮಾಡಿ ಅಪ್ಪಣೆ ಕೊಡಿಸುವುದು. ಬೇರೆ ಡಾಕ್ಟರಿಗೆ ಯಾಕೆ ತೋರಿಸಲಿಲ್ಲ? ಆ ಚುಚ್ಚುಮದ್ದು ಯಾಕೆ ಬದಲಾಯಿತು? ಉಮ್ಮ ಯಾಕೆ ಇಷ್ಟು ಸೊರಗಿದ್ದಾರೆ? ಹೀಗೆ ಕೇಳುವುದೇ ಮಗನ ಕರ್ತವ್ಯವೆಂದು ನಾವು ಬಗೆದಿದ್ದೆವು. ಒಂದು ದಿನ ಅತ್ತಿಗೆ ಸಿಟ್ಟಿಲ್ಲದ ಸ್ವರದಲ್ಲಿ, 'ನೀವು ಒಮ್ಮೆ ಬಂದು ಒಂದು ವಾರ ಕರೆದುಕೊಂಡು ಹೋಗಿ ನೋಡಿ' ಎಂದರು. ಹೋದೆವು.

ಬೆಳಗ್ಗೆ ಸುಬ್ಹ್ ನಮಾಝ್ ಮುಗಿಯುತ್ತಲೇ ಹೊರಡಬೇಕು. ಯಂತ್ರಕ್ಕೆ ಜೋಡಿಸಿದ ಮೇಲೆ ಸುಮಾರು ನಾಲ್ಕು ಗಂಟೆ. ಆ ನಾಲ್ಕು ಗಂಟೆಗಳಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡು ಉಮ್ಮ ಚೀರುತ್ತಿದ್ದರು. ಕೆಲವೊಮ್ಮೆ ರಕ್ತದೊತ್ತಡ ಒಮ್ಮೆಲೇ ಇಳಿದು ಕಣ್ಣು ಮೇಲಾಗುತ್ತಿತ್ತು. ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿದ ಎಡಗೈಯಲ್ಲಿ ಯಾರೂ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಹೊಸದಾಗಿ ಬಂದ ನರ್ಸ್ ಆ ಕೈಯನ್ನೇ ಹಿಡಿದಾಗ ತಡೆದವರು ಅತ್ತಿಗೆ. ನಮಗೆ ಅದು ಗೊತ್ತೇ ಇರಲಿಲ್ಲ. ಮನೆಗೆ ಮರಳಿದ ಮೇಲೆ ಉಮ್ಮ ಸಂಜೆಯವರೆಗೆ ಏಳುತ್ತಿರಲಿಲ್ಲ. ಮರುದಿನ ಸ್ವಲ್ಪ ಚೇತರಿಕೆ. ಅದರ ಮರುದಿನ ಮತ್ತೆ ಸುಬ್ಹ್‌ಗೆ ಹೊರಡುವುದು. ಆ ವಾರದಲ್ಲಿ ನಾವು ಅತ್ತಿಗೆ ಕುಳಿತು ಊಟ ಮಾಡಿದ್ದನ್ನು ಎರಡು ಬಾರಿಯಷ್ಟೇ ಕಂಡೆವು.

ಅದೇ ವಾರದಲ್ಲಿ ಕಪಾಟಿನಲ್ಲಿ ಬಟ್ಟೆಗಳ ಹಿಂದೆ ಖರ್ಜೂರದ ಪೊಟ್ಟಣಗಳು ಕಣ್ಣಿಗೆ ಬಿದ್ದವು. ಅಣ್ಣ ಮದೀನಾದಿಂದ ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದ ಅಜ್ವಾ ಖರ್ಜೂರ. ಡಯಾಲಿಸಿಸ್‌ನಲ್ಲಿರುವವರಿಗೆ ಖರ್ಜೂರ, ಬಾಳೆಹಣ್ಣು, ಬೊಂಡದ ನೀರು ಇವೆಲ್ಲ ವಿಷಕ್ಕೆ ಸಮಾನ. ಅವುಗಳಲ್ಲಿರುವ ಪೊಟ್ಯಾಶಿಯಂ ಅನ್ನು ಸೋತ ಕಿಡ್ನಿ ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ವೈದ್ಯರು ಮೊದಲ ದಿನವೇ ಹೇಳಿದ್ದರು. ಅತ್ತಿಗೆ ಅದನ್ನು ಅಣ್ಣನಿಗೆ ತಿಳಿಸಿದ್ದರು. 'ಪ್ರವಾದಿಯವರ ಪಟ್ಟಣದ ಖರ್ಜೂರದಿಂದ ಯಾರಿಗೆ ಕೇಡಾಗುತ್ತದೆ? ನಿನಗೆ ಕೊಡಲು ಮನಸ್ಸಿಲ್ಲವೇ?' ಎಂಬ ಉತ್ತರ ಬಂದಿತ್ತು. ಅಂದಿನಿಂದ ಆಕೆ ಖರ್ಜೂರವನ್ನು ಕಪಾಟಿನಲ್ಲಿ ಅಡಗಿಸಿ, 'ಉಮ್ಮ ತಿಂದರು' ಎನ್ನತೊಡಗಿದ್ದರು. ನಾವೂ ನೆರೆಮನೆಯ ಹುಡುಗನಿಗೆ ಹೇಳಿ ವಾರಕ್ಕೆರಡು ಬಾರಿ ಬೊಂಡ ಕಳುಹಿಸುತ್ತಿದ್ದೆವಲ್ಲ, ಅದು ಮಕ್ಕಳ ಹೊಟ್ಟೆ ಸೇರುತ್ತಿತ್ತಂತೆ.

ಉಮ್ಮನ ಜೀವ ಉಳಿದದ್ದು ನಮ್ಮ ಪ್ರೀತಿಯಿಂದಲ್ಲ. ಒಂದು ಹೆಣ್ಣು ನಮಗೆ ಹೇಳಿದ ಸುಳ್ಳಿನಿಂದ. ಆಕೆಯನ್ನು ಆ ಸುಳ್ಳಿಗೆ ದೂಡಿದವರು ಯಾರು?

ದೂರದಲ್ಲಿರುವ ಮಗನಿಗೆ ಪ್ರೀತಿಯಿಲ್ಲವೆಂದು ನಾವು ಹೇಳುತ್ತಿಲ್ಲ. ಇರುವುದು ಪ್ರೀತಿಯೇ. ಆದರೆ ಅದರೊಂದಿಗೆ ಅಪರಾಧಿ ಭಾವವೂ ಬೆರೆತಿರುತ್ತದೆ. ಬಳಿಯಲ್ಲಿಲ್ಲದ ನೋವನ್ನು ಆತ ಅಪ್ಪಣೆಯ ಮೂಲಕ ತುಂಬಿಕೊಳ್ಳಲು ನೋಡುತ್ತಾನೆ. ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರವೂ ಅಲ್ಲ. ವೃದ್ಧರ ವೈದ್ಯಕೀಯಕ್ಕೆ ಸಂಬಂಧಿಸಿದ ಅಮೆರಿಕದ ಒಂದು ಪತ್ರಿಕೆಯಲ್ಲಿ 1991ರಲ್ಲಿ ವೈದ್ಯರು ಇದಕ್ಕೊಂದು ಹೆಸರನ್ನೇ ಕೊಟ್ಟರು: 'ಕ್ಯಾಲಿಫೋರ್ನಿಯಾದ ಮಗಳು'. ವರ್ಷಗಟ್ಟಲೆ ಕಾಣದ ಮಗಳು ತಾಯಿಯ ಕೊನೆಗಾಲಕ್ಕೆ ವಿಮಾನದಲ್ಲಿ ಬಂದಿಳಿದು, ಅಲ್ಲಿಯವರೆಗೆ ಆರೈಕೆ ಮಾಡಿದವರು ಮತ್ತು ವೈದ್ಯರು ಕೂಡಿ ಕೈಗೊಂಡ ತೀರ್ಮಾನಗಳನ್ನೆಲ್ಲ ತಲೆಕೆಳಗು ಮಾಡುತ್ತಾಳೆ ಎಂಬುದು ಅದರ ಅರ್ಥ. (ಕ್ಯಾಲಿಫೋರ್ನಿಯಾದವರು ಇದನ್ನೇ ನ್ಯೂಯಾರ್ಕಿನ ಮಗಳು ಎನ್ನುತ್ತಾರಂತೆ!) ನಮ್ಮಲ್ಲಿ ಇದಕ್ಕೆ ಜಿದ್ದಾದ ಮಗ ಎಂದು ಹೆಸರಿಡಬಹುದು. ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಮೊದಲ ವಾರ ತಾಯಿಯನ್ನು ಇದ್ದ ಆಸ್ಪತ್ರೆಯಿಂದ ಬಿಡಿಸಿ 'ಇನ್ನೂ ದೊಡ್ಡ' ಆಸ್ಪತ್ರೆಗೆ ಸೇರಿಸುತ್ತಾನೆ. ಅಲ್ಲಿ ಎಲ್ಲ ಪರೀಕ್ಷೆಗಳೂ ಮತ್ತೊಮ್ಮೆ ನಡೆಯುತ್ತವೆ, ಮಾತ್ರೆಗಳು ಬದಲಾಗುತ್ತವೆ. ಎರಡನೆಯ ವಾರ ಮನೆಯ ಕೆಲಸ, ಮೂರನೆಯ ವಾರ ಮದುವೆಗಳು. ನಾಲ್ಕನೆಯ ವಾರ ಪೆಟ್ಟಿಗೆ ಕಟ್ಟುವುದು. ಆತ ವಿಮಾನ ಹತ್ತಿದ ಮೇಲೆ ಹೊಸ ಆಸ್ಪತ್ರೆಯ ಹೊಸ ಮಾತ್ರೆಗಳೊಂದಿಗೆ ಏಗುವವಳು ಅವಳೇ.

ಅಂದಹಾಗೆ, ಮಿಂಬರುಗಳಿಂದ ನಾವು ಎಂದೂ ಕೇಳದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಮದ್ರಸದಲ್ಲಿ ಫಿಕ್ಹ್ ಓದಿದ ಯಾರಿಗೂ ಇದು ಹೊಸತಲ್ಲ. ಗಂಡನ ತಂದೆ-ತಾಯಿಯ ಸೇವೆ ಸೊಸೆಗೆ ಕಡ್ಡಾಯವೆಂದು ನಮ್ಮ ಶಾಫಿಈ ಗ್ರಂಥಗಳು ಹೇಳುವುದಿಲ್ಲ. ಅದು ಮಗನ ಹೊಣೆ. ಸೊಸೆ ಮಾಡುವುದಾದರೆ ಅದು ಆಕೆಯ ಔದಾರ್ಯ, ಅಲ್ಲಾಹನಲ್ಲಿ ಪ್ರತಿಫಲವಿರುವ ಸತ್ಕರ್ಮ. ಖತೀಬರು ತಾಯಿಯ ಪಾದದ ಮಹತ್ವದ ಬಗ್ಗೆ ಗಂಟೆಗಟ್ಟಲೆ ಪ್ರವಚನ ನೀಡುತ್ತಾರೆ, ಕೇಳುವ ಗಂಡಸರು ಕಣ್ಣೀರು ಹಾಕುತ್ತಾರೆ, ಮನೆಗೆ ಬಂದು ಆ ಪುಣ್ಯದ ಕೆಲಸವನ್ನು ಹೆಂಡತಿಗೆ ವಹಿಸುತ್ತಾರೆ. ಉವೈಸ್ ಅಲ್ ಕರನಿಯವರ ಕಥೆಯನ್ನು ಯಾರು ಕೇಳಿಲ್ಲ? ಪ್ರವಾದಿಯವರ(ಸ) ಕಾಲದಲ್ಲಿ ಯಮನ್‌ನಲ್ಲಿ ಬದುಕಿದ್ದರೂ ತಾಯಿಯ ಸೇವೆಗಾಗಿ ಊರಲ್ಲೇ ಉಳಿದು, ಅವರನ್ನು ಕಾಣುವ ಭಾಗ್ಯವನ್ನೇ ಬಿಟ್ಟುಕೊಟ್ಟವರು ಅವರು. ಆದರೆ ಆ ಕಥೆಯಲ್ಲಿ ತಾಯಿಯ ಬಳಿ ಉಳಿದವರು ಮಗ. ಹೆಂಡತಿಯನ್ನು ತಾಯಿಯ ಬಳಿ ಬಿಟ್ಟು ಹೊರಟ ಮಗನ ಕಥೆಯಲ್ಲ ಅದು. ಆಕೆಯದ್ದು ಔದಾರ್ಯವೆಂದು ಒಪ್ಪಿದ ಮೇಲೆ ಆಕೆಯ ಮುಂದೆ ಲೆಕ್ಕ ಕೇಳುವ ಯಜಮಾನನಾಗಿ ನಿಲ್ಲಲು ನಮಗೆ ಯಾವ ಅಧಿಕಾರವಿದೆ? ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸ್ಥಿತಿಯೂ ಇದೇ. ಆಸ್ಪತ್ರೆಯಲ್ಲಿ ರಾತ್ರಿ ನಿಲ್ಲಲು ಮಗಳು ಬೇಕು. ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವಾಗ ಮಾತ್ರ ಗಂಡುಮಕ್ಕಳ ವಾಟ್ಸಾಪ್ ಗುಂಪು ಬೇರೆಯೇ ಇರುತ್ತದೆ.

ಈ ಎಲ್ಲ ಗದ್ದಲದಲ್ಲಿ ನಾವು ಮರೆತೇಬಿಡುವ ಇನ್ನೊಬ್ಬರಿದ್ದಾರೆ. ಅದು ರೋಗಿಯೇ. ಉಮ್ಮನಿಗೆ ಕ್ಯಾನ್ಸರ್ ಎಂದು ಇಡೀ ಊರಿಗೆ ಗೊತ್ತಿರುತ್ತದೆ, ಉಮ್ಮನಿಗೆ ಗೊತ್ತಿರುವುದಿಲ್ಲ. 'ಹೇಳಿದರೆ ತಡೆದುಕೊಳ್ಳಲಾರರು' ಎಂಬುದು ನಮ್ಮ ಸಮರ್ಥನೆ. ನಿಜವಾಗಿ ತಡೆದುಕೊಳ್ಳಲಾರದವರು ಯಾರು, ಉಮ್ಮನೇ ಅಥವಾ ಆ ಮಾತನ್ನು ಫೋನಿನಲ್ಲಿ ಹೇಳಬೇಕಾದ ಮಗನೇ? ಗಂಡನನ್ನು, ಕೆಲವೊಮ್ಮೆ ಮಕ್ಕಳನ್ನೂ ಮಣ್ಣು ಮಾಡಿ ಸೈರಣೆಯಿಂದ ಬದುಕಿದ ಹೆಣ್ಣಿನ ಬಗ್ಗೆ ನಾವು ಹೊಂದಿರುವ ಅಭಿಪ್ರಾಯ ಇದು! ಮರಣ ಸಮೀಪಿಸಿದೆಯೆಂದು ತಿಳಿದ ಮುಸ್ಲಿಮನಿಗೆ ಮಾಡಲು ಕೆಲಸಗಳಿವೆ. ಸಾಲವಿದ್ದರೆ ತೀರಿಸಬೇಕು, ವಸಿಯ್ಯತ್ ಮಾಡಬೇಕು, ಬಿಟ್ಟುಹೋದ ಉಪವಾಸಗಳಿಗೆ ಫಿದ್‌ಯ ಕೊಡಬೇಕು, ಮನಸ್ತಾಪವಿದ್ದವರನ್ನು ಕರೆಸಿ ಕ್ಷಮೆ ಕೇಳಬೇಕು. ಕಾಯಿಲೆಯನ್ನು ಮುಚ್ಚಿಡುವ ಮಗ ತಾಯಿಯಿಂದ ಈ ಎಲ್ಲ ಅವಕಾಶಗಳನ್ನೂ ಕಸಿದುಕೊಳ್ಳುತ್ತಾನೆ. ಕಾನೂನು ಕೂಡ ಈ ವಿಷಯದಲ್ಲಿ ನಮಗಿಂತ ಮುಂದಿದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಪ್ರಾಪ್ತ ವಯಸ್ಸಿನ ರೋಗಿಯ ಪರವಾಗಿ ಆಕೆಯ ತಾಯಿ ಕೊಟ್ಟ ಸಮ್ಮತಿಯನ್ನೂ ಒಪ್ಪಲಿಲ್ಲ. ರೋಗಿಗೆ ಅರಿವಳಿಕೆ ಕೊಟ್ಟಿದ್ದರು. ಪ್ರಾಣಾಪಾಯವಿರಲಿಲ್ಲವಾದ್ದರಿಂದ ಆಕೆ ಎಚ್ಚರಗೊಳ್ಳುವವರೆಗೆ ಕಾದು ಆಕೆಯನ್ನೇ ಕೇಳಬೇಕಿತ್ತು ಎಂದಿತು. ಬುದ್ಧಿ ಸ್ವಾಧೀನದಲ್ಲಿರುವ ನಮ್ಮ ಉಮ್ಮನನ್ನು ಹಾಸಿಗೆಯ ಮೇಲೆಯೇ ಬಿಟ್ಟು, ಮೂರು ದೇಶಗಳಲ್ಲಿರುವ ಮೂವರು ಗಂಡುಮಕ್ಕಳ ಒಪ್ಪಿಗೆಗೆ ಕಾಯುವುದು ಯಾವ ನ್ಯಾಯ?

ವೆಂಟಿಲೇಟರ್‌ನ ಮಾತಿಗೆ ಮರಳೋಣ. ಗುಣವಾಗುವ ಆಸೆ ಮುಗಿದ ರೋಗಿಯನ್ನು ಯಂತ್ರಕ್ಕೆ ಜೋಡಿಸಿ ವಾರಗಟ್ಟಲೆ ಇಡುವುದನ್ನು ನಮ್ಮಲ್ಲಿ ಹಲವರು ಧಾರ್ಮಿಕ ಕರ್ತವ್ಯವೆಂದು ನಂಬಿದ್ದಾರೆ. ಯಂತ್ರ ತೆಗೆಯಲು ಒಪ್ಪಿದ ಸೊಸೆ ಕೊಲೆಗಡುಕಿಯಂತೆ ಕಾಣುತ್ತಾಳೆ. ಆದರೆ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ವಿದ್ವಾಂಸರು, ಮೆದುಳಿನ ಕಾರ್ಯ ಪೂರ್ತಿಯಾಗಿ ನಿಂತು ಅದು ಮರಳದೆಂದು ತಜ್ಞ ವೈದ್ಯರು ಖಚಿತಪಡಿಸಿದಾಗ ಜೀವರಕ್ಷಕ ಯಂತ್ರವನ್ನು ತೆಗೆಯಬಹುದೆಂದು ನಿರ್ಣಯಿಸಿದ್ದಾರೆ. ಮೆದುಳು ಇನ್ನೂ ಕೆಲಸ ಮಾಡುತ್ತಿದ್ದು ಗುಣವಾಗುವ ಆಸೆಯಿಲ್ಲದ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಅದನ್ನು ಬಲ್ಲ ಆಲಿಮರನ್ನೂ ವೈದ್ಯರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು, ರಾತ್ರಿ ಎರಡು ಗಂಟೆಗೆ ಫೋನಿನಲ್ಲಲ್ಲ. 2018ರಲ್ಲಿ ಸುಪ್ರೀಮ್ ಕೋರ್ಟು, ತನಗೆ ಅಂಥ ಸ್ಥಿತಿ ಬಂದಾಗ ಏನು ಮಾಡಬೇಕು, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮೊದಲೇ ಬರೆದಿಡುವ ಹಕ್ಕನ್ನು ಪ್ರತಿಯೊಬ್ಬ ವಯಸ್ಕನಿಗೂ ನೀಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಇದನ್ನು ಜಾರಿಗೊಳಿಸುವ ಆದೇಶವನ್ನೂ ಹೊರಡಿಸಿತು. ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ, ಎಲ್ಲ ಮಕ್ಕಳ ಎದುರಲ್ಲಿ, 'ನನ್ನ ಪರವಾಗಿ ಮಾತಾಡಬೇಕಾದವಳು ಇವಳು' ಎಂದು ಬರೆದು ಕೊಟ್ಟರೆ ಆಸ್ಪತ್ರೆಯ ಹೊರಗಿನ ಎಷ್ಟು ಜಗಳಗಳು ತಪ್ಪಿಹೋಗುತ್ತಿದ್ದವು! ಆಸ್ತಿಯ ಪತ್ರಕ್ಕಾಗಿ ಹತ್ತು ಬಾರಿ ಸಬ್ ರಿಜಿಸ್ಟ್ರಾರರ ಕಚೇರಿಗೆ ಅಲೆಯುವ ನಮಗೆ ಈ ಒಂದು ಪತ್ರಕ್ಕೆ ಪುರುಸೊತ್ತಿಲ್ಲ.

ಇಷ್ಟು ಹೇಳಿದ ಮೇಲೆ ದೂರದಲ್ಲಿರುವವನ ಪರವಾಗಿಯೂ ಮಾತಾಡಬೇಕು. ಆತ ಮೋಜಿಗಾಗಿ ಹೋದವನಲ್ಲ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ತಂದೆಯೋ ತಾಯಿಯೋ ತೀರಿಕೊಂಡರೆ ಸಿಗುವ ಸಂಬಳ ಸಹಿತ ರಜೆ ಮೂರು ದಿನ. ಬಜ್ಪೆಗೆ ಬಂದಿಳಿದು ಕಬರಸ್ತಾನಕ್ಕೆ ಹೋಗಿ ಮರಳಲು ಅದು ಸಾಲುತ್ತದೆಯೇ? ಅದೂ ಮರಣಕ್ಕೆ. ತಾಯಿ ಸಾವು-ಬದುಕಿನ ನಡುವೆ ಇರುವಾಗ ಬಳಿಯಲ್ಲಿರಲು ಪ್ರತ್ಯೇಕ ರಜೆಯೇ ಇಲ್ಲ. ವಾರ್ಷಿಕ ರಜೆಯಲ್ಲೇ ಹೊಂದಿಸಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ, ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದು ಮೇ 12ಕ್ಕೆ. ಆ ನಡುವೆ ತಂದೆಯ ಜನಾಝವನ್ನು ಮೊಬೈಲಿನ ಪರದೆಯಲ್ಲಿ ನೋಡಿದವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಅನಿವಾಸಿಗಳು ಭಾರತಕ್ಕೆ ಕಳುಹಿಸಿದ ಹಣ ಸುಮಾರು 129 ಬಿಲಿಯನ್ ಡಾಲರ್. ಜಗತ್ತಿನಲ್ಲೇ ಅತಿ ಹೆಚ್ಚು ಎಂದು ಹೆಮ್ಮೆಪಡುವ ಸರಕಾರಗಳಿಗೆ ಆ ಹಣ ಕಳುಹಿಸಿದವನ ತಾಯಿಯ ನೆನಪಾಗುವುದು ಯಾವಾಗ? ಪೆರ್ನಾಳ್ ಹತ್ತಿರವಾದಂತೆ ವಿಮಾನದ ಟಿಕೇಟಿನ ದರ ಗಗನಕ್ಕೇರುತ್ತದೆ. ಪ್ರತಿ ವರ್ಷ ಮನವಿ ಕೊಡುತ್ತೇವೆ, ಪ್ರತಿ ವರ್ಷ ಮರೆಯುತ್ತಾರೆ.

ಕಾನೂನು ಮಾಡುವವರ ಕಲ್ಪನೆಯೂ ಹಣವನ್ನು ದಾಟುವುದಿಲ್ಲ. 2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ಮಕ್ಕಳಿಂದ ಜೀವನಾಂಶ ಕೊಡಿಸುವ ನ್ಯಾಯಮಂಡಳಿಯಿದೆ, ತಿಂಗಳಿಗೆ ಗರಿಷ್ಠ 10,000 ರೂಪಾಯಿಯೆಂಬ ಮಿತಿಯೂ ಇದೆ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಯೋಜನೆ 2016ರಲ್ಲಿ ಬಂತು. 70 ದಾಟಿದ ಎಲ್ಲರಿಗೂ ಆದಾಯ ಮಿತಿಯಿಲ್ಲದೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ವಿಮೆಯನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಒಳ್ಳೆಯದೇ. ಆದರೆ ಈ ವಿಮೆ ಆಸ್ಪತ್ರೆಯ ಬಾಗಿಲೊಳಗಿನದ್ದು. ಬಾಗಿಲಿನ ಹೊರಗೆ, ಮನೆಯ ಕೋಣೆಯಲ್ಲಿ, ಬೆನ್ನಿನಲ್ಲಿ ಹುಣ್ಣಾಗಿ ಮಲಗಿದ ಮುದುಕಿಯನ್ನು ಮಗ್ಗುಲು ಬದಲಿಸುವ ಕೈಗೆ ಯಾವ ಯೋಜನೆಯಲ್ಲೂ ಹೆಸರಿಲ್ಲ.

ಸರಕಾರವನ್ನು ದೂರಿ ಸುಮ್ಮನಾಗುವಂತೆಯೂ ಇಲ್ಲ. ನಮ್ಮ ಜಮಾಅತ್‌ಗಳು ಏನು ಮಾಡುತ್ತಿವೆ? ರಕ್ತದಾನದಲ್ಲಿ ನಮ್ಮ ಯುವಕರು ತೋರುವ ಉತ್ಸಾಹ ಮೆಚ್ಚತಕ್ಕದ್ದು. ಪ್ರತಿಯೊಂದು ಸಂಘಟನೆಗೂ ಒಂದು ಆಂಬುಲೆನ್ಸ್ ಇದೆ. ಅದರ ಮೇಲೆ ದಾನಿಗಳ ಹೆಸರಿದೆ, ಉದ್ಘಾಟನೆಯ ಫೋಟೋ ಪತ್ರಿಕೆಗಳಲ್ಲಿ ಬಂದಿದೆ. ಆಂಬುಲೆನ್ಸ್ ರೋಗಿಯನ್ನು ಆಸ್ಪತ್ರೆಗೆ ಒಯ್ಯುತ್ತದೆ, ಇಲ್ಲವೇ ಮಯ್ಯಿತನ್ನು ಮನೆಗೆ ತರುತ್ತದೆ. ಇವೆರಡರ ನಡುವಿನ ಎರಡು-ಮೂರು ವರ್ಷಗಳಲ್ಲಿ ಮನೆಗೆ ಬಂದು ಮೂತ್ರದ ನಳಿಕೆ ಬದಲಿಸುವವರು, ಹುಣ್ಣಿಗೆ ಮದ್ದು ಕಟ್ಟುವವರು, ಆರೈಕೆ ಮಾಡುವವಳಿಗೆ ಒಂದು ರಾತ್ರಿ ನಿದ್ದೆ ಮಾಡಲು ಬಿಡುವವರು ಯಾರು?

ಇದಕ್ಕೆ ಉತ್ತರವನ್ನು ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮುಂತಾದವರು ಗುಣವಾಗದ ರೋಗಿಗಳ ನೋವು ನಿವಾರಣೆಗಾಗಿ ಒಂದು ಸಂಸ್ಥೆಯನ್ನು ಕಟ್ಟಿದರು. ಮುಂದೆ ಅದು ಆಸ್ಪತ್ರೆಯ ಗೋಡೆ ದಾಟಿ, ಮಲಪ್ಪುರಂ ಮೊದಲಾದ ಕಡೆಗಳಲ್ಲಿ ಊರವರೇ ನಡೆಸುವ ನೆರೆಕರೆಯ ಜಾಲವಾಯಿತು. ಅಂಗಡಿಯವರು, ಅಧ್ಯಾಪಕರು, ಗೃಹಿಣಿಯರು, ವಿದ್ಯಾರ್ಥಿಗಳು ಕೆಲವು ದಿನಗಳ ತರಬೇತಿ ಪಡೆದು ವಾರಕ್ಕೆ ಎರಡು ಗಂಟೆ ರೋಗಿಗಳ ಮನೆಗೆ ಹೋಗತೊಡಗಿದರು. ನರ್ಸ್ ಜೊತೆಗಿರುತ್ತಾರೆ, ವೈದ್ಯರು ಬೇಕಾದಾಗ ಬರುತ್ತಾರೆ. ಜನರ ಸಣ್ಣ ಸಣ್ಣ ದೇಣಿಗೆಗಳಿಂದಲೇ ಖರ್ಚು ಸಾಗುತ್ತಿತ್ತು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯಾಗಿ ಅಂಗೀಕರಿಸಿ ಪಂಚಾಯತುಗಳ ಹೊಣೆಯಾಗಿಸಿತು. ಮಲಪ್ಪುರಂ ಕೂಡ ಕೊಲ್ಲಿಗೆ ಮಕ್ಕಳನ್ನು ಕಳುಹಿಸಿದ ಜಿಲ್ಲೆಯೇ. ಅಲ್ಲಿ ದೂರದ ಮಗನಿಗೆ ಕನಿಷ್ಠ ಪಕ್ಷ ತನ್ನ ತಾಯಿಯ ಮನೆಯ ಬಾಗಿಲು ತಟ್ಟುವವರಿದ್ದಾರೆಂಬ ನೆಮ್ಮದಿಯಿದೆ. ತಲಪಾಡಿಯ ಗೇಟು ದಾಟಿ ನೂರಾರು ಉಸ್ತಾದರುಗಳು, ಹಲವು ಸಂಘಟನೆಗಳು, ಹಾಡುಗಳು, ಬಿರಿಯಾನಿಯ ರುಚಿ ಎಲ್ಲವೂ ಈ ಕಡೆ ಬಂದವು. ಇದೊಂದು ಬರಲು ಏನು ಅಡ್ಡಿ?

ದೂರದ ಮಗ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಅತ್ತಿಗೆಯ ಬಳಿ ನಾವು ಕಲಿತದ್ದನ್ನು ಹೇಳಬಲ್ಲೆವು. ಮೊದಲನೆಯದಾಗಿ ಹಣವನ್ನು ಆಕೆಯ ಹೆಸರಿನ ಖಾತೆಗೇ ಹಾಕಬೇಕು, ಬಿಲ್ಲು ಬಂದ ಮೇಲಲ್ಲ, ತಿಂಗಳ ಆರಂಭದಲ್ಲೇ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಕೌಂಟರಿನಲ್ಲಿ ಅಡ್ವಾನ್ಸ್ ಕೇಳಿದಾಗ ಮೈದುನನಿಗೆ, ಮಾವನಿಗೆ ಫೋನು ಮಾಡಿ ಬೇಡುವ ಸ್ಥಿತಿ ಆಕೆಗೆ ಬರಬಾರದು. ಪ್ರಶ್ನೆಗಳಿದ್ದರೆ ಆಕೆಯನ್ನು ಮುಂದಿಟ್ಟುಕೊಂಡು ವೈದ್ಯರನ್ನೇ ಕೇಳಬಹುದು. 2020ರ ದೂರವೈದ್ಯ ಮಾರ್ಗಸೂಚಿಯ ಬಳಿಕ ಫೋನು, ವೀಡಿಯೊದಲ್ಲಿ ಸಮಾಲೋಚನೆಗೆ ಸ್ಪಷ್ಟ ನಿಯಮಗಳಿವೆ. ಆದರೆ ವೈದ್ಯರು ವಾರ್ಡಿಗೆ ಬರುವ ಬೆಳಗಿನ ಒಂಬತ್ತೂವರೆ ಸೌದಿಯಲ್ಲಿ ಏಳು ಗಂಟೆ, ಡ್ಯೂಟಿಯ ಹೊತ್ತು. ಆ ಹತ್ತು ನಿಮಿಷಕ್ಕಾಗಿ ವಾರಕ್ಕೊಂದು ದಿನ ಹೊಂದಿಸಿಕೊಳ್ಳುವುದು ಮಗನ ಕೆಲಸ, ವೈದ್ಯರದ್ದಲ್ಲ. ಎಲ್ಲ ಮೂವರು ಮಕ್ಕಳೂ ಪ್ರತ್ಯೇಕವಾಗಿ ಡಾಕ್ಟರಿಗೆ ಫೋನು ಮಾಡಿ ಪೀಡಿಸುವುದೂ ಬೇಡ. ಒಬ್ಬರು ಕೇಳಿ ಉಳಿದವರಿಗೆ ಹೇಳಲಿ. ವರದಿಗಳು, ಡಿಸ್ಚಾರ್ಜ್ ಪತ್ರಗಳು ಒಂದು ಫೈಲಿನಲ್ಲಿರಲಿ. ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ಊರಿಗೆ ಕಳುಹಿಸುವ ಪೆಟ್ಟಿಗೆಯಲ್ಲಿ ನೋವಿನ ಗುಳಿಗೆ, 'ಶಕ್ತಿ'ಯ ಪುಡಿ ಹಾಕುವ ಮುನ್ನ ಕೇಳಬೇಕು. ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಸೋಲುತ್ತಿರುವ ಕಿಡ್ನಿಯನ್ನು ಇನ್ನಷ್ಟು ಕೆಡಿಸುತ್ತವೆ.

ಇನ್ನು ರಜೆ. ಅದನ್ನು ಎರಡಾಗಿ ಒಡೆಯಲು ಕಂಪೆನಿ ಒಪ್ಪುವುದಾದರೆ ಒಡೆಯಿರಿ. ಬಂದ ದಿನವೇ ಹೆಂಡತಿಯನ್ನು ಆಕೆಯ ತವರಿಗೆ ಕಳುಹಿಸಿ, ಹತ್ತು ದಿನ ತಾಯಿಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ. ನಮ್ಮ ಅಣ್ಣ ಕೊನೆಗೂ ಹಾಗೆ ಮಾಡಿದರು. ಮೂರನೆಯ ರಾತ್ರಿಗೇ ನಮಗೆ ಫೋನು ಮಾಡಿ, 'ಇವಳು ಇಷ್ಟು ದಿನ ಹೇಗೆ ಮಾಡಿದಳು ಮಾರಾಯ' ಎಂದರು. ಅನಂತರ ಖರ್ಜೂರ ಬರಲಿಲ್ಲ. ಉಮ್ಮ ತೀರಿಕೊಂಡದ್ದು ಮತ್ತೆ ಒಂದೂವರೆ ವರ್ಷ ಕಳೆದ ಮೇಲೆ, ಮನೆಯಲ್ಲೇ. ಆಸ್ಪತ್ರೆಗೆ ಮತ್ತೆ ಸೇರಿಸಬೇಕೇ ಬೇಡವೇ ಎಂದು ಆ ದಿನ ವೈದ್ಯರು ಕೇಳಿದಾಗ ಅತ್ತಿಗೆ ಯಾರಿಗೂ ಫೋನು ಮಾಡಲಿಲ್ಲ. ಉಮ್ಮ ಮೊದಲೇ ಹೇಳಿಟ್ಟಿದ್ದರು.

ಈ ವರ್ಷ ನಿಮ್ಮ ಜಮಾಅತ್‌ನ ಮಹಾಸಭೆ ಸೇರಿದಾಗ ಲೆಕ್ಕಪತ್ರವನ್ನು ಗಮನವಿಟ್ಟು ಓದಿ. ಹಾಲಿನ ದುರಸ್ತಿಗೆ ಎಷ್ಟು, ಉರೂಸಿನ ದೀಪಾಲಂಕಾರಕ್ಕೆ ಎಷ್ಟು, ಅತಿಥಿಗಳ ಶಾಲಿಗೆ ಎಷ್ಟು ಎಂಬುದು ಅದರಲ್ಲಿರುತ್ತದೆ. ನಿಮ್ಮ ಮೊಹಲ್ಲಾದಲ್ಲಿ ಹಾಸಿಗೆ ಹಿಡಿದ ವೃದ್ಧರೆಷ್ಟು, ಅವರಲ್ಲಿ ಮಕ್ಕಳು ಹೊರದೇಶದಲ್ಲಿರುವವರೆಷ್ಟು, ಅವರನ್ನು ನೋಡಿಕೊಳ್ಳುವವಳು ಕೊನೆಯ ಬಾರಿ ತವರಿಗೆ ಹೋದದ್ದು ಯಾವಾಗ ಎಂದು ಎದ್ದು ನಿಂತು ಕೇಳಿ. ಒಬ್ಬ ನರ್ಸ್‌ನ ತಿಂಗಳ ಸಂಬಳದ ಮೊತ್ತವನ್ನೂ ವಿಚಾರಿಸಿಕೊಂಡು ಹೋಗಿ. ಸಭೆಗೆ ಹೆಂಗಸರನ್ನೂ ಕರೆಸಿ ಎಂದು ನಾವು ಮುಂದಿನ ವಾರ ಬರೆಯುತ್ತೇವೆ.